ಮರದ ಲೆಕ್ಕ, ಕಾಡಿನ ಲೆಕ್ಕ

ಸುಮಾತ್ರ ದ್ವೀಪದ ಪಶ್ಚಿಮ ಅಂಚಿನ ಉದ್ದಕ್ಕೂ ಬುಕಿತ್ ಬಾರಿಸಾನ್ ಎಂಬ ಬೆಟ್ಟಸಾಲು ಹಬ್ಬಿದೆ. ಆ ಬೆಟ್ಟಗಳ ನಡುಮಟ್ಟದ ಕಾಡಿನಲ್ಲಿ, ತರಗೆಲೆಯ ಮೇಲೆ, ಒಂದು ಕೋಗಿಲೆ ನಡೆದಾಡಿಕೊಂಡು ಬದುಕುತ್ತದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 55 ಸೆಂಟಿಮೀಟರ್ ಉದ್ದ. ಕಪ್ಪು ನೆತ್ತಿ, ಹಸಿರು ಹೊಳಪಿನ ಬೆನ್ನು, ಕಂದು ಹೊಟ್ಟೆಯ ಮೇಲೆ ಅಡ್ಡಗೆರೆಗಳು, ದಪ್ಪ ಹಸಿರು ಕೊಕ್ಕು, ಓಡುವುದಕ್ಕೆಂದೇ ಬಲಿತಂಥ ಉದ್ದನೆಯ ಕಾಲು. ಕಣ್ಣಿನ ಸುತ್ತ ಗರಿಯಿಲ್ಲದ ಬರಿ ಚರ್ಮ. ಅದರಲ್ಲಿ ಹಸಿರು, ತಿಳಿನೇರಳೆ, ನೀಲಿ ಮೂರೂ ಒಂದರ ಪಕ್ಕ ಒಂದು ಸೇರಿಕೊಂಡಿವೆ. ಇಂಡೊನೇಷ್ಯಾದವರು ಇದನ್ನು ತೊಖ್ತೊರ್ ಎನ್ನುತ್ತಾರೆ. ಕನ್ನಡದಲ್ಲಿ ನೆಲಗೋಗಿಲೆ ಎಂದರೆ ಸಾಕು.

ಈ ಹಕ್ಕಿಯನ್ನು ಮುಂದಿಟ್ಟುಕೊಂಡು ನಾನು ವಾದಿಸಬೇಕೆಂದಿರುವ ವಿಷಯ ಒಂದೇ. ಕಾಡನ್ನು ನಾವು ಮರಗಳ ತಲೆಯ ಮೇಲಿನಿಂದ ಅಳೆಯುತ್ತಿದ್ದೇವೆ. ಆ ಅಳತೆಯಲ್ಲಿ ಉಳಿದಿದೆ ಎಂದು ಕಾಣುವ ಕಾಡು ನೆಲಮಟ್ಟದಲ್ಲಿ ಎಂದೋ ಬರಿದಾಗಿರಬಹುದು, ಆಗುತ್ತಲೂ ಇದೆ. ನೆಲದ ಲೆಕ್ಕ ಇಡದ ಹೊರತು ಯಾವ ಸರ್ಕಾರವೂ ತನ್ನ ಕಾಡು ಉಳಿದಿದೆ ಎಂದು ಹೇಳಿಕೊಳ್ಳಬಾರದು.

ಕೋಗಿಲೆ ಎಂದೊಡನೆ ನಮಗೆ ಎರಡು ಸಂಗತಿ ನೆನಪಾಗುತ್ತವೆ: ವಸಂತದ ಕೂಗು, ಕಾಗೆಯ ಗೂಡಿನಲ್ಲಿಟ್ಟ ಮೊಟ್ಟೆ. ಕೋಗಿಲೆಯ ಕುಟುಂಬದಲ್ಲಿ ಸುಮಾರು 150 ಪ್ರಭೇದಗಳಿದ್ದು, ಪರರ ಗೂಡಿನಲ್ಲಿ ಮೊಟ್ಟೆಯಿಡುವವು ಅರ್ಧಕ್ಕಿಂತ ಕಡಿಮೆ, 60ರ ಆಸುಪಾಸು. ಉಳಿದವು ತಾವೇ ಗೂಡು ಕಟ್ಟಿ, ಕಾವು ಕೂತು, ಮರಿಗಳಿಗೆ ಗುಟುಕು ಕೊಡುತ್ತವೆ. ನಮ್ಮ ಕೆಂಬೂತವೇ ಇದಕ್ಕೆ ಸಾಕ್ಷಿ. ಬೇಲಿಸಾಲಿನಲ್ಲಿ, ಕಬ್ಬಿನ ಗದ್ದೆಯ ಅಂಚಿನಲ್ಲಿ ಹೆಜ್ಜೆಯಿಡುತ್ತ ಹುಳು, ಓತಿಕ್ಯಾತ, ಬಸವನಹುಳು ಹೆಕ್ಕುವ ಆ ಹಕ್ಕಿ ಕೋಗಿಲೆಯ ಬಳಗದ್ದೇ. ನವಿಲನ್ನು ನೋಡಿ ಗರಿ ಕೆದರಿಕೊಂಡಿತೆಂದು ಗಾದೆಯಲ್ಲಿ ಅದನ್ನು ಹೀಯಾಳಿಸುತ್ತ ಬಂದಿದ್ದೇವೆ. ನನ್ನ ಮಟ್ಟಿಗೆ ಅದು ಮರ್ಯಾದೆಗೆ ತಕ್ಕ ಗೃಹಸ್ಥ. ಸುಮಾತ್ರದ ನೆಲಗೋಗಿಲೆ ಕೆಂಬೂತಕ್ಕಿಂತ ಸ್ವಲ್ಪ ದೊಡ್ಡದು. ಎರಡರ ನಡುವಿನ ಮುಖ್ಯ ವ್ಯತ್ಯಾಸವೆಂದರೆ, ಕೆಂಬೂತ ನಮ್ಮ ಹಿತ್ತಿಲಿಗೆ ಹೊಂದಿಕೊಂಡಿತು, ನೆಲಗೋಗಿಲೆಗೆ ದಟ್ಟ ಕಾಡಿನ ನೆಲವೇ ಬೇಕು.

ಇದೇ ಕುಲದಲ್ಲಿ ಇನ್ನೆರಡು ಹಕ್ಕಿಗಳಿವೆ. ಒಂದು ಬೋರ್ನಿಯೊ ದ್ವೀಪದ್ದು, ಸುಮಾರು 60 ಸೆಂಟಿಮೀಟರ್ ಉದ್ದ. ಇನ್ನೊಂದು ಹವಳಗೊಕ್ಕಿನದು, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾ, ವಿಯೆಟ್ನಾಂ ದೇಶಗಳ ಕಾಡಿನದು. ಮೂರೂ ನೆಲದ ಮೇಲೆ ಮೇಯುತ್ತವೆ. ಹಾರಲು ಬರುತ್ತದೆ, ಆದರೆ ಅಪಾಯ ಕಂಡರೆ ಮೊದಲು ಓಡುತ್ತವೆ. ಮನುಷ್ಯನ ಹೆಜ್ಜೆಸಪ್ಪಳ ಕೇಳಿಸುವುದರೊಳಗೆ ಪೊದೆಯೊಳಗೆ ಸರಿದಾಗಿರುತ್ತದೆ.

ಸುಮಾತ್ರದ ಹಕ್ಕಿ ವಿಜ್ಞಾನದ ಕೈಗೆ ಸಿಕ್ಕಿದ್ದು 1878ರಲ್ಲಿ. ಇಟಲಿಯ ಸಸ್ಯವಿಜ್ಞಾನಿ ಒದೊಆರ್ದೊ ಬೆಕ್ಕಾರಿ ಆ ವರ್ಷ ದ್ವೀಪದ ಪಶ್ಚಿಮದ ಬೆಟ್ಟಗಳಲ್ಲಿ ಅಲೆಯುತ್ತಿದ್ದರು. ಮನುಷ್ಯನಿಗಿಂತ ಎತ್ತರ ಬೆಳೆದು ಕೊಳೆತ ಮಾಂಸದ ವಾಸನೆ ಬೀರುವ ದೈತ್ಯ ಸುವರ್ಣಗಡ್ಡೆ ಜಾತಿಯ ಹೂವನ್ನು ಅವರು ಹೊರಜಗತ್ತಿಗೆ ತೋರಿಸಿದ್ದೂ ಅದೇ ಪ್ರವಾಸದಲ್ಲಿ. ಆ ಹೂವು ಜಗತ್ಪ್ರಸಿದ್ಧವಾಯಿತು; ಇಂದಿಗೂ ಯಾವುದೋ ಸಸ್ಯೋದ್ಯಾನದಲ್ಲಿ ಅದು ಅರಳಿದರೆ ಸಾವಿರಾರು ಜನ ಸಾಲುಗಟ್ಟುತ್ತಾರೆ. ಬೆಕ್ಕಾರಿಯವರೊಂದಿಗೆ ಜಿನೋವಾದ ಮ್ಯೂಸಿಯಂ ಸೇರಿದ ಹಕ್ಕಿಯನ್ನು 1879ರಲ್ಲಿ ಪಕ್ಷಿವಿಜ್ಞಾನಿ ತೊಮ್ಮಾಸೊ ಸಾಲ್ವದೋರಿ ವರ್ಣಿಸಿ ಹೆಸರಿಟ್ಟರು. ಆಮೇಲೆ 1916ರವರೆಗೆ ಎಲ್ಲ ಸೇರಿ ಎಂಟು ಮಾದರಿಗಳು ಸಂಗ್ರಹವಾದವು. ಅಲ್ಲಿಗೆ ದಾಖಲೆ ನಿಂತುಹೋಯಿತು.

ಎಂಬತ್ತು ವರ್ಷ ಈ ಹಕ್ಕಿಯ ಹೊಸ ದಾಖಲೆ ಒಂದೂ ಬರಲಿಲ್ಲ. ಅದಕ್ಕೆ ಹಕ್ಕಿಯ ಸಂಕೋಚ ಒಂದು ಕಾರಣ, ನಮ್ಮ ವರ್ಗೀಕರಣ ಇನ್ನೊಂದು. ಇಪ್ಪತ್ತನೆಯ ಶತಮಾನದ ಬಹುಪಾಲು ಸುಮಾತ್ರದ್ದನ್ನೂ ಬೋರ್ನಿಯೊದ್ದನ್ನೂ ಒಂದೇ ಪ್ರಭೇದವೆಂದು ಎಣಿಸಿದ್ದರು. ಬೋರ್ನಿಯೊದಲ್ಲಿ ಆಗೊಮ್ಮೆ ಈಗೊಮ್ಮೆ ಹಕ್ಕಿ ಕಾಣಿಸುತ್ತಿದ್ದುದರಿಂದ ಪ್ರಭೇದ ಇದೆಯಲ್ಲ ಎಂಬ ಸಮಾಧಾನ ಇತ್ತು. 1996ರಲ್ಲಿ ಪಕ್ಷಿತಜ್ಞರಾದ ನೈಜೆಲ್ ಕಾಲರ್ ಮತ್ತು ಆಡ್ರಿಯನ್ ಲಾಂಗ್ ಮ್ಯೂಸಿಯಂ ಮಾದರಿಗಳನ್ನು ಹೋಲಿಸಿ ಎರಡೂ ಬೇರೆಬೇರೆ ಎಂದು ತೋರಿಸಿದರು. ಆ ಕ್ಷಣಕ್ಕೆ ಸುಮಾತ್ರದ ಹಕ್ಕಿ ತಾನೇ ಒಂದು ಪ್ರಭೇದವಾಯಿತು, ಮತ್ತು ಎಂಬತ್ತು ವರ್ಷದಿಂದ ಕಾಣೆಯಾದ ಪ್ರಭೇದವೂ ಆಯಿತು. ಮರುವರ್ಷವೇ, 1997ರ ನವೆಂಬರಿನಲ್ಲಿ, ದ್ವೀಪದ ದಕ್ಷಿಣ ತುದಿಯ ಬುಕಿತ್ ಬಾರಿಸಾನ್ ಸೆಲಾತಾನ್ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಹಕ್ಕಿ ಸೆರೆಸಿಕ್ಕಿತು. ಅದರ ಫೋಟೋ ತೆಗೆದರು. 2006ರಲ್ಲಿ ಕೆರಿಂಚಿ ಸೆಬ್ಲಾತ್ ಉದ್ಯಾನದಲ್ಲಿ ಕ್ಯಾಮೆರಾ ಟ್ರ್ಯಾಪಿನಲ್ಲಿ ಒಂದು ಹಕ್ಕಿಯ ಚಿತ್ರ ಸಿಕ್ಕಿತು. 2007ರ ಆರಂಭದಲ್ಲಿ ಬಲೆಗಾರನೊಬ್ಬನ ಕೈಗೆ ಸಿಕ್ಕ ಹಕ್ಕಿಯನ್ನು ಅವನು ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯ ಇಂಡೊನೇಷ್ಯಾ ತಂಡಕ್ಕೆ ಒಪ್ಪಿಸಿದ. ಸಿಕ್ಕಿಬಿದ್ದಾಗ ಅದರ ಕಾಲಿಗೆ ಗಾಯವಾಗಿತ್ತು. ಆರೈಕೆಯಲ್ಲಿದ್ದಾಗ ಅದು ಕೂಗಿತು. ಎರಡು ಚೂಪಾದ ಕಿರುಚು, ಒಂದರ ಹಿಂದೆ ಒಂದು. ಈ ಪ್ರಭೇದದ ದನಿ ಮೊದಲ ಬಾರಿಗೆ ಧ್ವನಿಮುದ್ರಣವಾದದ್ದು ಹೀಗೆ.

ಈ ಸಂಗತಿಗಳನ್ನು ಪತ್ರಿಕೆಗಳು ‘ಮರುಶೋಧ’ ಎಂದು ಬರೆದವು. ನನಗೆ ಅದರಲ್ಲಿ ಕಾಣುವುದು ಬೇರೆ. ಎಂಬತ್ತು ವರ್ಷಗಳ ಉದ್ದಕ್ಕೂ ಆ ಬೆಟ್ಟದ ತಪ್ಪಲಿನಲ್ಲಿ ಕಾಡುಕೋಳಿಗೆ ಉರುಳು ಒಡ್ಡುವ ಜನ ಇದ್ದೇ ಇದ್ದರು. ನೆಲದ ಮೇಲೆ ನಡೆಯುವ ಹಕ್ಕಿಗೆ ಉರುಳು ತಪ್ಪದು. ಅವರ ಕೈಗೆ ಅದು ಸಿಕ್ಕಿರಲೇಬೇಕು, ಅಡುಗೆಯೂ ಆಗಿರಬೇಕು. ವಿಜ್ಞಾನಕ್ಕೆ ಕಾಣದೆ ಹೋದದ್ದು ನೆಲದ ಮೇಲೆ ದುಡಿಯುವವರಿಗೆ ಕಾಣದೆ ಹೋಗಿರಲಿಕ್ಕಿಲ್ಲ. ನಾವು ಅವರನ್ನು ಕೇಳಿರಲಿಲ್ಲ, ಅಷ್ಟೆ.

ಎಲ್ಲ ಕೋಗಿಲೆಗೂ ಇಂಥ ಎರಡನೆಯ ಅವಕಾಶ ಸಿಗಲಿಲ್ಲ. ಮಡಗಾಸ್ಕರಿನಲ್ಲಿ ಕೂವಾ ಎಂಬ ಕೋಗಿಲೆಗಳ ಗುಂಪೇ ಇದೆ. ಅವೂ ತಾವೇ ಗೂಡು ಕಟ್ಟುವಂಥವು. ಅವುಗಳಲ್ಲಿ ಒಂದು, ಬಸವನಹುಳುವಿನ ಚಿಪ್ಪು ಒಡೆದು ತಿನ್ನುತ್ತಿದ್ದ ದೊಡ್ಡ ಕೂವಾ. ಮುಖ್ಯಭೂಮಿಯ ಪೂರ್ವಕ್ಕಿರುವ ಸೇಂಟ್ ಮೇರಿ ಎಂಬ ಕಿರುದ್ವೀಪದಿಂದ 1834ರಲ್ಲಿ ಸಂಗ್ರಹವಾದದ್ದೇ ಅದರ ಕೊನೆಯ ಮಾದರಿ. ಕಾಡು ಕಡಿದರು, ಹಡಗಿನೊಡನೆ ಇಲಿಗಳು ಬಂದವು, ಬೇಟೆ ನಡೆಯಿತು. ಮ್ಯೂಸಿಯಂಗಳಲ್ಲಿ ಈಗ ಹದಿಮೂರೋ ಹದಿನಾಲ್ಕೋ ಒಣಗಿದ ಹಕ್ಕಿಗಳು ಉಳಿದಿವೆ. ಅದರ ಕೂಗು ಹೇಗಿತ್ತೆಂದು ಹೇಳಬಲ್ಲವರು ಒಬ್ಬರೂ ಇಲ್ಲ. ಸುಮಾತ್ರದ ಹಕ್ಕಿ ಕಾಣೆಯಾಗಿದ್ದ ಎಂಬತ್ತು ವರ್ಷ ಆ ಗತಿಗೆ ಬರದೆ ಉಳಿದದ್ದರ ಶ್ರೇಯ ಯಾರ ಯೋಜನೆಗೂ ಸೇರುವುದಿಲ್ಲ. ಅಲ್ಲಿನ ಬೆಟ್ಟಗಳು ಕಡಿದಾಗಿದ್ದವು, ಕಾಡು ದೊಡ್ಡದಿತ್ತು.

ಆ ದೊಡ್ಡ ಕಾಡು ಈಗ ಎಷ್ಟಿದೆ? 1985ರಿಂದ ಮುಂದಿನ ಎರಡು ದಶಕಗಳಲ್ಲಿ ಸುಮಾತ್ರ ತನ್ನ ನೈಸರ್ಗಿಕ ಕಾಡಿನ ಹತ್ತಿರಹತ್ತಿರ ಅರ್ಧವನ್ನು ಕಳೆದುಕೊಂಡಿತು. ತಗ್ಗಿನ ಕಾಡನ್ನು ತಾಳೆ ಎಣ್ಣೆಯ ತೋಟಗಳೂ ಕಾಗದದ ಗಿರಣಿಗಳಿಗಾಗಿ ನೆಟ್ಟ ತೋಪುಗಳೂ ನುಂಗಿದವು. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಬೆಳೆಯುವುದು ಇಂಡೊನೇಷ್ಯಾ, ಅತಿ ಹೆಚ್ಚು ಆಮದು ಮಾಡಿಕೊಳ್ಳುವುದು ಭಾರತ. ಬೇಕರಿಯ ಬಿಸ್ಕತ್ತು, ಪೊಟ್ಟಣದ ಚಿಪ್ಸು, ಸೋಪು, ಬಸ್‌ಸ್ಟ್ಯಾಂಡಿನ ಬೋಂಡಾ ಬಾಣಲೆ ಎಲ್ಲದರಲ್ಲೂ ಅದು ಇದೆ. ಆದ್ದರಿಂದ ಇದು ದೂರದೇಶದ ಹಕ್ಕಿಯೊಂದರ ಸುದ್ದಿ, ನಮಗೇನು ಎನ್ನುವ ಹಕ್ಕು ನಮಗಿಲ್ಲ.

ಆದರೂ ನೆಲಗೋಗಿಲೆಯ ಮಟ್ಟಿಗೆ ತಾಳೆಯೊಂದೇ ಹಗೆಯಲ್ಲ. ಅದು ಹೆಚ್ಚಾಗಿ ಸಿಕ್ಕಿರುವುದು ಸಮುದ್ರಮಟ್ಟದಿಂದ 300ರಿಂದ 1,400 ಮೀಟರ್ ಎತ್ತರದ ನಡುವೆ, ಬೆಟ್ಟದ ಇಳಿಜಾರಿನಲ್ಲಿ. ಆ ಎತ್ತರಕ್ಕೆ ಹತ್ತಿದ ಬೆಳೆ ಕಾಫಿ. ಸುಮಾತ್ರದ ದಕ್ಷಿಣದ ಲಾಂಪುಂಗ್ ಪ್ರಾಂತ ರೊಬಸ್ಟಾಕ್ಕೆ ಹೆಸರಾದದ್ದು. ಜಾವಾದಿಂದ ಭೂಮಿ ಅರಸಿ ಬಂದ, ಸರ್ಕಾರವೇ ಕರೆತಂದು ನೆಲೆಯೂರಿಸಿದ ಕುಟುಂಬಗಳು ಬೆಟ್ಟದ ಬುಡದಿಂದ ಮೇಲೆ ಮೇಲೆ ಸರಿದು ಉದ್ಯಾನದ ಗಡಿಯೊಳಗೂ ಕಾಫಿ ನೆಟ್ಟವು. ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ 2007ರಲ್ಲಿ ಪ್ರಕಟಿಸಿದ ವರದಿ, ಬುಕಿತ್ ಬಾರಿಸಾನ್ ಸೆಲಾತಾನ್ ಒಳಗೆ ಅಕ್ರಮವಾಗಿ ಬೆಳೆದ ಕಾಫಿ ಸಕ್ರಮ ಕಾಫಿಯ ಜೊತೆ ಬೆರೆತು ಹೊರದೇಶಗಳ ದೊಡ್ಡ ಬ್ರಾಂಡುಗಳವರೆಗೆ ಹೇಗೆ ತಲುಪುತ್ತದೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸಿತು. ಆ ರೈತರನ್ನು ಕಳ್ಳರೆನ್ನಲು ನನಗೆ ಮನಸ್ಸು ಬಾರದು. ಒಂದೆರಡು ಹೆಕ್ಟೇರಿನ ಗಿಡಗಳಲ್ಲಿ ಮಕ್ಕಳ ಶಾಲೆ, ಮದುವೆ, ಆಸ್ಪತ್ರೆ ಎಲ್ಲ ನಡೆಯಬೇಕಾದವರು ಅವರು. ಬೆಲೆ ಏರಿದ ವರ್ಷ ಗಡಿಗಲ್ಲು ದಾಟುವುದು ಅವರ ಬಡತನ ಮತ್ತು ನ್ಯೂಯಾರ್ಕ್-ಲಂಡನ್ನಿನ ಕಾಫಿ ಮಾರುಕಟ್ಟೆ ಸೇರಿ ಮಾಡಿಸುವ ಕೆಲಸ.

ಹೀಗೆ ಕಡಿದದ್ದನ್ನು ಉಪಗ್ರಹ ಕಾಣುತ್ತದೆ. ಬಯಲಾದ ಇಳಿಜಾರು ಚಿತ್ರದಲ್ಲಿ ಎದ್ದು ಕಾಣುತ್ತದೆ, ವರದಿಯಾಗುತ್ತದೆ, ಗದ್ದಲವೂ ಆಗುತ್ತದೆ. ನನ್ನ ಆತಂಕ ಗದ್ದಲವಾಗದ ಭಾಗದ್ದು.

ಉರುಳು ಒಡ್ಡುವ ಬಗೆಯನ್ನು ಹತ್ತಿರದಿಂದ ನೋಡಿ. ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮೊದಲು ಕಡ್ಡಿ, ಸೊಪ್ಪು ಪೇರಿಸಿ ಮೊಣಕಾಲೆತ್ತರದ ಬೇಲಿ ಎಬ್ಬಿಸುತ್ತಾರೆ. ಬೆಟ್ಟದ ಏರಿನ ಉದ್ದಕ್ಕೆ ಅದು ನೂರಾರು ಮೀಟರ್ ಹೋಗುವುದುಂಟು. ಅಲ್ಲಲ್ಲಿ ಗೇಣಗಲದ ಕಂಡಿ ಬಿಟ್ಟಿರುತ್ತಾರೆ. ನೆಲದ ಮೇಲೆ ನಡೆಯುವ ಯಾವ ಜೀವವೂ ಬೇಲಿ ಹಾರುವ ಗೋಜಿಗೆ ಹೋಗುವುದಿಲ್ಲ, ಕಂಡಿ ಸಿಗುವ ತನಕ ಅದರ ಬುಡದಲ್ಲೇ ಸಾಗುತ್ತದೆ. ಕಂಡಿಯ ಪಕ್ಕದ ಎಳೆ ಗಿಡವೊಂದನ್ನು ಬಗ್ಗಿಸಿ, ಅದರ ತುದಿಗೆ ನೈಲಾನ್ ದಾರವನ್ನೋ ಬೈಕಿನ ಬ್ರೇಕ್ ತಂತಿಯನ್ನೋ ಕಟ್ಟಿ, ಇನ್ನೊಂದು ತುದಿಯ ಕುಣಿಕೆಯನ್ನು ನೆಲದ ಮೇಲೆ ಹಾಸಿ, ಮೇಲೆ ತರಗೆಲೆ ಉದುರಿಸುತ್ತಾರೆ. ಕಾಲಿಟ್ಟೊಡನೆ ಅಡಿಗೂಟ ಕಳಚಿ ಗಿಡ ಸೆಟೆದು ನಿಲ್ಲುತ್ತದೆ, ಕುಣಿಕೆ ಬಿಗಿಯುತ್ತದೆ. ಖರ್ಚು ಹತ್ತಿಪ್ಪತ್ತು ರೂಪಾಯಿಗೂ ಕಡಿಮೆ. ಒಬ್ಬ ಆಳು ದಿನಕ್ಕೆ ಹತ್ತಾರು ಒಡ್ಡಬಲ್ಲ. ಅವನು ವಾರ ಬಿಟ್ಟು ಬರಬಹುದು, ಜ್ವರ ಬಂದು ಬಾರದೆಯೂ ಇರಬಹುದು. ಆದರೆ ಉರುಳು ಕಾಯುತ್ತಲೇ ಇರುತ್ತದೆ.

ಕಾಡುಹಂದಿ, ಬರ್ಕ, ಕಾಡುಕುರಿ, ಕಾಡುಕೋಳಿ, ಮುಳ್ಳುಹಂದಿ, ನೆಲಗೋಗಿಲೆ — ಯಾವುದರ ಕಾಲಾದರೂ ಅದಕ್ಕೆ ಒಂದೇ. ಒಡ್ಡಿದವನ ಮನಸ್ಸಿನಲ್ಲಿ ಹಂದಿ ಇತ್ತು ಎಂಬುದರಿಂದ ಕೋಗಿಲೆಗೆ ಏನೂ ಪ್ರಯೋಜನವಿಲ್ಲ. ಕೆಲವೇ ನೂರು ಬೆಳೆದ ಹಕ್ಕಿಗಳಿರಬಹುದೆಂಬ ಅಂದಾಜಿರುವ, ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿಗೆ ತೀರ ಹತ್ತಿರದ ವರ್ಗದಲ್ಲಿರುವ ಪ್ರಭೇದಕ್ಕೆ ಪ್ರತಿಯೊಂದು ಹಕ್ಕಿಯೂ ದೊಡ್ಡ ನಷ್ಟ. 2020ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂಗಳ ಸಂರಕ್ಷಿತ ಕಾಡುಗಳಲ್ಲಿ ಸುಮಾರು 1 ಕೋಟಿ 23 ಲಕ್ಷ ಉರುಳುಗಳಿವೆ ಎಂದು ಅಂದಾಜು ಮಾಡಿತು. ಅವು ಹವಳಗೊಕ್ಕಿನ ನೆಲಗೋಗಿಲೆಯ ನಾಡುಗಳು. ಈ ಅಂದಾಜು ರಕ್ಷಣೆಯಿಲ್ಲದ ಕಾಡಿನದಲ್ಲ, ಉದ್ಯಾನ, ಅಭಯಾರಣ್ಯ ಎಂದು ಬೋರ್ಡು ಹಾಕಿದ ಜಾಗಗಳದ್ದು ಎಂಬುದನ್ನು ಗಮನಿಸಬೇಕು. ಆ ಕಾಡುಗಳಲ್ಲಿ ಎಷ್ಟೋ ಕಡೆ ಮರಗಳು ಸೊಂಪಾಗಿ ನಿಂತಿವೆ. ಉಪಗ್ರಹಕ್ಕೆ ಅವು ಕಡುಹಸಿರು. ಮನೆಯ ಹೆಂಚು ಗಟ್ಟಿಯಿದೆ ಎಂದು ಹೊರಗಿನಿಂದ ನೋಡಿ ಒಳಗಿನ ಮಂದಿಯೆಲ್ಲ ಕ್ಷೇಮ ಎಂದು ಕಾಗದ ಬರೆದರೆ ಹೇಗೋ, ಹಸಿರು ನಕ್ಷೆಯನ್ನು ನಂಬುವುದೂ ಹಾಗೆ.

ಕೆಂಟ್ ರೆಡ್‌ಫೋರ್ಡ್ ಎಂಬ ಜೀವವಿಜ್ಞಾನಿ 1992ರಲ್ಲೇ ಅಮೆರಿಕ ಖಂಡದ ಮಳೆಕಾಡುಗಳ ಬಗ್ಗೆ ಈ ಮಾತೆತ್ತಿದ್ದರು. ದೊಡ್ಡ ಪ್ರಾಣಿಗಳು ಬೇಟೆಯಲ್ಲಿ ತೀರಿಹೋದ ಮೇಲೂ ಮರಗಳು ನಿಂತಿರುತ್ತವೆ, ಆ ಕಾಡನ್ನು ಬರಿದಾದ ಕಾಡೆಂದೇ ಕರೆಯಬೇಕು ಎಂಬುದು ಅವರ ವಾದ. ಮೂರು ದಶಕ ಕಳೆದರೂ ಸರ್ಕಾರಗಳ ಲೆಕ್ಕದ ಪುಸ್ತಕ ಬದಲಾಗಿಲ್ಲ.

ಬದಲಾಗಬೇಕು ಏಕೆಂದರೆ ಕಾಡಿನ ನೆಲದಲ್ಲಿ ಒಬ್ಬರ ಬದುಕು ಇನ್ನೊಬ್ಬರ ಹೆಜ್ಜೆಗೆ ಕಟ್ಟುಬಿದ್ದಿದೆ. ಬೋರ್ನಿಯೊದ ನೆಲಗೋಗಿಲೆ ಗಡ್ಡದ ಹಂದಿಯ ಹಿಂದೆ ಹಿಂದೆ ನಡೆಯುವುದನ್ನು ಕಂಡವರಿದ್ದಾರೆ. ಸೂರ್ಯಕರಡಿಯ ಹಿಂದೆಯೂ ಹೋಗುತ್ತದೆ. ಹಂದಿ ತನ್ನ ಉದ್ದನೆಯ ಮೂತಿಯಿಂದ ನೆಲ ಉಳುತ್ತ ಹೋದಂತೆ ಎರೆಹುಳು, ಜೀರುಂಡೆ, ಶತಪದಿಗಳು ಮೇಲೆ ಬರುತ್ತವೆ, ಕಪ್ಪೆಗಳು ಹಾರುತ್ತವೆ. ಹಿಂದಿನಿಂದ ಬರುವ ಹಕ್ಕಿಗೆ ಅದೇ ಊಟ. ಉಳುವ ನೇಗಿಲ ಹಿಂದೆ ಬೆಳ್ಳಕ್ಕಿ ನಡೆಯುವುದನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಚ್ಚರಿಯೆಂದರೆ ಅಮೆಜಾನಿನ ನೆಲಗೋಗಿಲೆಗಳು ಬೇರೆಯೇ ಕುಲದವು, ಇವುಗಳಿಂದ ಸಾಗರದಾಚೆ ಬೆಳೆದವು; ಅವೂ ಅಲ್ಲಿನ ಪೆಕರಿ ಎಂಬ ಹಂದಿಯಂಥ ಪ್ರಾಣಿಯ ಹಿಂದೆ, ದಂಡಿರುವೆಗಳ ಸಾಲಿನ ಹಿಂದೆ ನಡೆಯುತ್ತವೆ. ಎರಡು ಖಂಡಗಳಲ್ಲಿ ಎರಡು ಬಗೆಯ ಕೋಗಿಲೆಗಳು ಒಂದೇ ಉಪಾಯಕ್ಕೆ ಬಂದು ತಲುಪಿವೆ. ನೆಲ ಕೆದಕುವ ದೊಡ್ಡ ಪ್ರಾಣಿ ಇಲ್ಲದ ಕಾಡಿನಲ್ಲಿ ಈ ಬದುಕು ಎಷ್ಟು ಇಕ್ಕಟ್ಟಿನದೆಂದು ಇದರಿಂದಲೇ ಊಹಿಸಬಹುದು.

2021ರ ಆರಂಭದಲ್ಲಿ ಬೋರ್ನಿಯೊದ ಸಬಾ ರಾಜ್ಯಕ್ಕೆ ಆಫ್ರಿಕನ್ ಹಂದಿಜ್ವರ ಕಾಲಿಟ್ಟಿತು. ಸಾಕುಹಂದಿಗಳಿಗಷ್ಟೇ ನಿಲ್ಲದೆ ಗಡ್ಡದ ಹಂದಿಗಳಿಗೂ ಹಬ್ಬಿ, ಕಾಡಿನಲ್ಲಿ ಅವು ರಾಶಿ ರಾಶಿಯಾಗಿ ಸತ್ತವು. ಬೋರ್ನಿಯೊದ ಎಷ್ಟೋ ಜನಾಂಗಗಳಿಗೆ ಗಡ್ಡದ ಹಂದಿಯೇ ಮುಖ್ಯ ಬೇಟೆ, ಹಬ್ಬದ ಊಟ. ಹಂದಿ ಕಾಣೆಯಾದರೆ ಆ ಮನೆಗಳ ತಟ್ಟೆಗೆ ಹೊಡೆತ. ನೆಲಗೋಗಿಲೆಗೂ ಹೊಡೆತ ಬಿದ್ದಿತೇ ಎಂದು ಕೇಳಬೇಕಾದ ಹೊತ್ತು ಅದು. ಇಷ್ಟಾದರೂ ಈ ಸಾವು ಉಪಗ್ರಹದ ಕಣ್ಣಿಗೆ ಬೀಳುವಂಥದ್ದಲ್ಲ. ರೋಗದಿಂದ ಒಂದು ಎಲೆಯೂ ಉದುರಲಿಲ್ಲವಲ್ಲ.

ಇದಕ್ಕೆ ಎದುರಾಗಿ ಬರುವ ವಾದಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲನೆಯದು: ಮರವೇ ಇಲ್ಲದಿದ್ದರೆ ನೆಲದ ಮಾತೆಲ್ಲಿ? ಉಪಗ್ರಹದಿಂದ ಇಡೀ ದ್ವೀಪವನ್ನು ಕಡಿಮೆ ಖರ್ಚಿನಲ್ಲಿ, ವರ್ಷವರ್ಷವೂ, ಯಾವ ಅಧಿಕಾರಿಯ ದಯೆಗೂ ಕಾಯದೆ ನೋಡಬಹುದು. ಸುಮಾತ್ರದ ಅಕ್ರಮ ಕಾಫಿ ತೋಟಗಳು ಬಯಲಿಗೆ ಬಂದದ್ದೂ ಅದರಿಂದಲೇ. ಇದು ಪೂರ್ತಿ ನಿಜ. ಉಪಗ್ರಹ ಬೇಡ ಎನ್ನುವುದು ಮೂರ್ಖತನ. ಆದರೆ ಅದು ಕಾಡು ಹೋದದ್ದನ್ನು ಹೇಳಬಲ್ಲದು, ಕಾಡು ಇದ್ದದ್ದನ್ನು ಹೇಳಲಾರದು. ಈ ಎರಡನ್ನೂ ಒಂದೇ ಎಂದು ಓದುವುದರಲ್ಲಿ ತಪ್ಪಿದೆ.

ಎರಡನೆಯ ವಾದ ಹೆಚ್ಚು ಬಲವಾದದ್ದು. ಹುಲಿಯನ್ನು ಉಳಿಸಿದರೆ ಅದರ ನೆರಳಿನಲ್ಲಿ ಎಲ್ಲವೂ ಉಳಿಯುತ್ತವೆ, ಒಂದೊಂದು ಹಕ್ಕಿಗೂ ಬೇರೆ ಯೋಜನೆ ಏಕೆ ಎಂಬುದು ಅದು. ಕೆರಿಂಚಿ ಸೆಬ್ಲಾತ್‌ನಲ್ಲಿ 2000ದಿಂದ ಹುಲಿ ರಕ್ಷಣಾ ತಂಡಗಳು ಕಾಲ್ನಡಿಗೆಯಲ್ಲಿ ಗಸ್ತು ತಿರುಗಿ ಉರುಳು ಕಿತ್ತು ತರುತ್ತಿವೆ. ಆ ಉದ್ಯಾನ 13,000 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರದ್ದು. ಅಲ್ಲಿ ನೆಲಗೋಗಿಲೆ ಬದುಕಿರುವುದರಲ್ಲಿ ಆ ತಂಡಗಳ ಪಾಲು ಖಂಡಿತ ಇದೆ. 2006ರ ಆ ಫೋಟೋ ಬಂದದ್ದೂ ಕ್ಯಾಮೆರಾ ಟ್ರ್ಯಾಪಿನಿಂದ. ಇಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಒಂದು ಕಾರಣವಿದೆ: ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಲ್ಲಿ ಹುಲಿಯ ಪಟ್ಟೆ ಗುರುತಿಸಿ ಸಂಖ್ಯಾಶಾಸ್ತ್ರದ ಆಧಾರದಲ್ಲಿ ಎಣಿಸುವ ವಿಧಾನವನ್ನು ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ರೂಪಿಸಿದರು. ಮುಂದೆ ಅದು ಸುಮಾತ್ರವೂ ಸೇರಿ ಏಷ್ಯಾದ ಕಾಡುಗಳಿಗೆಲ್ಲ ಹಬ್ಬಿತು. ಮೊಣಕಾಲೆತ್ತರದಲ್ಲಿ ಮರಕ್ಕೆ ಬಿಗಿದ ಆ ಪೆಟ್ಟಿಗೆ ಮೈಶಾಖ ಮತ್ತು ಚಲನೆಗೆ ಎಚ್ಚೆತ್ತು ಕ್ಲಿಕ್ಕಿಸುತ್ತದೆ. ಎದುರಿಗೆ ಹುಲಿ ಹಾದರೂ ಅಷ್ಟೇ, ನೆಲಗೋಗಿಲೆ ಹಾದರೂ ಅಷ್ಟೇ.

ಹುಲಿಯ ನೆರಳು ಎಲ್ಲರಿಗೂ ಸಾಕಾಗುವುದಿಲ್ಲ ಎಂದು ನಾನು ಹೇಳುವುದಕ್ಕೆ ಕಾರಣವೂ ಇದೇ ಪೆಟ್ಟಿಗೆಯಲ್ಲಿದೆ. ಹುಲಿಗೆಂದು ಒಡ್ಡಿದ ಕ್ಯಾಮೆರಾ ಹುಲಿಯ ಹಾದಿಯಲ್ಲಿ, ಏಣಿನ ಮೇಲೆ, ಅಗಲ ಜಾಡಿನಲ್ಲಿ ಇರುತ್ತದೆ. ನೆಲಗೋಗಿಲೆ ಇರುವುದು ಜಾಡಿನ ಪಕ್ಕದ ತರಗೆಲೆಯಲ್ಲಿ. ಹುಲಿ ಹಿಡಿಯುವ ಉರುಳು ದಪ್ಪ ಉಕ್ಕಿನ ತಂತಿಯದು, ಗಸ್ತಿನವರ ಕಣ್ಣಿಗೆ ಬೀಳುತ್ತದೆ. ಹಕ್ಕಿಯ ಉರುಳು ತೆಳ್ಳನೆ ನೈಲಾನಿನದು, ಎಲೆಯಡಿಯಲ್ಲಿ ಮುಚ್ಚಿಹೋಗುತ್ತದೆ. ಹುಲಿಯ ಹಣ ಬರುವುದು ಹುಲಿ ಇರುವ ಕಡೆಗೆ ಮಾತ್ರ. ಹುಲಿ ಮಾಯವಾದ ಬೆಟ್ಟದಲ್ಲೂ ಈ ಹಕ್ಕಿ ಉಳಿದಿರಬಹುದು. ಅಲ್ಲಿ ಕಾವಲು ಯಾರದು? ಮೇಲಾಗಿ ಎಷ್ಟು ಹುಲಿ ಹೆಚ್ಚಿತು ಎಂಬ ಒಂದೇ ಅಂಕಿಗೆ ಇಲಾಖೆಯ ಕೀರ್ತಿ ಕಟ್ಟುಬಿದ್ದ ಮೇಲೆ, ಕ್ಯಾಮೆರಾದಲ್ಲಿ ಬಂದ ಹಕ್ಕಿಗಳ ಚಿತ್ರ ಹಾರ್ಡ್‌ಡಿಸ್ಕಿನಲ್ಲಿ ಮಲಗಿರುತ್ತದೆ. ಏಷ್ಯಾದ ಉದ್ಯಾನಗಳಲ್ಲಿ ಹುಲಿಗೆಂದು ತೆಗೆದ ಲಕ್ಷಾಂತರ ಚಿತ್ರಗಳನ್ನು ನೆಲದ ಹಕ್ಕಿಗಳಿಗಾಗಿ ಮತ್ತೆ ಜಾಲಿಸಿ ನೋಡುವುದು ಹೊಸ ಖರ್ಚಿಲ್ಲದ ಕೆಲಸ. ಅದನ್ನು ಮೊದಲು ಮಾಡಬೇಕು.

ನಮ್ಮಲ್ಲಿ ಈ ಲೆಕ್ಕ ಹೇಗಿದೆ ಎಂದೂ ನೋಡೋಣ. ಭಾರತೀಯ ಅರಣ್ಯ ಸಮೀಕ್ಷೆ 1987ರಿಂದ ಅರಣ್ಯ ಸ್ಥಿತಿ ವರದಿ ಪ್ರಕಟಿಸುತ್ತಿದೆ. ಅದರ ಪ್ರಕಾರ 1 ಹೆಕ್ಟೇರಿಗಿಂತ ದೊಡ್ಡದಾಗಿದ್ದು ಶೇ 10ಕ್ಕಿಂತ ಹೆಚ್ಚು ಮರದ ನೆತ್ತಿಯ ಮುಸುಕಿರುವ ಜಾಗವೆಲ್ಲ ಅರಣ್ಯ ಹೊದಿಕೆ. ಒಡೆತನ ಯಾರದ್ದೇ ಇರಲಿ, ಮರ ಯಾವುದೇ ಇರಲಿ. ಹಾಗಾಗಿ ಕೊಡಗು, ಚಿಕ್ಕಮಗಳೂರಿನ ನೆರಳು ಮರಗಳ ಕಾಫಿ ತೋಟಗಳೂ ರಬ್ಬರ್ ತೋಪುಗಳೂ ಆ ಹಸಿರಿನೊಳಗೆ ಬರುತ್ತವೆ. ನೆರಳಿನ ಕಾಫಿ ತೋಟ ಹಕ್ಕಿಗಳಿಗೆ ಒಳ್ಳೆಯದು ಎಂಬುದನ್ನು ನಾನು ಒಪ್ಪುತ್ತೇನೆ. ಮರದ ಮೇಲಿನ ಹಕ್ಕಿಗಳಿಗೆ ಅದು ನಿಜವಾಗಿಯೂ ಆಸರೆ. ಆದರೆ ತೋಟದ ನೆಲವನ್ನು ಕಳೆ ತೆಗೆದು, ಗೊಬ್ಬರ ಹಾಕಿ, ಗುಡಿಸಿದ ಹಾಗೆ ಇಟ್ಟಿರುತ್ತೇವೆ. ಸುತ್ತಲೂ ಹಂದಿಗೆಂದು ಉರುಳು ಒಡ್ಡುವುದು ಮಲೆನಾಡಿಗೆ ಹೊಸದಲ್ಲ. 2009ರಿಂದ 2020ರವರೆಗೆ ಕರ್ನಾಟಕದಲ್ಲಿ ನೂರಕ್ಕೂ ಹೆಚ್ಚು ಚಿರತೆಗಳು ತಂತಿ ಉರುಳಿಗೆ ಬಿದ್ದದ್ದನ್ನು ಸಂಜಯ ಗುಬ್ಬಿ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಅರ್ಧಕ್ಕಿಂತ ಹೆಚ್ಚು ಸತ್ತವು. ಚಿರತೆ ಬಿದ್ದರೆ ಸುದ್ದಿಯಾಗುತ್ತದೆ, ಅರಿವಳಿಕೆ ಮದ್ದಿನೊಡನೆ ವೈದ್ಯರು ಬರುತ್ತಾರೆ, ಜನ ಸೇರುತ್ತಾರೆ. ಅದೇ ಉರುಳಿಗೆ ಬಿದ್ದ ಬರ್ಕ, ಕಾಡುಕೋಳಿ, ಮುಳ್ಳುಹಂದಿಗಳ ಎಣಿಕೆ ಯಾವ ಕಡತದಲ್ಲೂ ಇಲ್ಲ. ಅರಣ್ಯ ಸ್ಥಿತಿ ವರದಿಯಲ್ಲಂತೂ ಉರುಳಿಗೊಂದು ಅಂಕಣವೇ ಇಲ್ಲ.

ಆ ಅಂಕಣ ಬೇಕೆಂಬುದು ನನ್ನ ಒತ್ತಾಯ. ಸುಮಾತ್ರದಲ್ಲೂ ಬೇಕು, ಸಬಾದಲ್ಲೂ ಬೇಕು, ನಮ್ಮ ಅರಣ್ಯ ಬೀಟ್‌ಗಳಲ್ಲೂ ಬೇಕು. ಕಿಲೋಮೀಟರು ನಡೆದರೆ ಎಷ್ಟು ಉರುಳು ಸಿಕ್ಕಿತು, ಅದರಲ್ಲಿ ಏನು ಸಿಕ್ಕಿತ್ತು, ಗರಿ ಯಾವುದು, ರೋಮ ಯಾವುದು ಎಂದು ಬರೆದಿಡುವ ಲೆಕ್ಕ. ಅದರ ಪಕ್ಕದಲ್ಲಿ ದನಿಯ ಲೆಕ್ಕ. 2007ರಲ್ಲಿ ಗಾಯಗೊಂಡ ಹಕ್ಕಿ ಕೊಟ್ಟ ಆ ಎರಡು ಕಿರುಚು ಈಗ ಸುಮಾತ್ರದ ಬೆಟ್ಟಗಳಲ್ಲಿ ಹುಡುಕಾಟಕ್ಕೆ ಸಾಧನ: ಧ್ವನಿ ಕೇಳಿಸಿ ಉತ್ತರ ಬರುವುದೇ ಎಂದು ಕಾಯಬಹುದು, ಮರಕ್ಕೆ ರೆಕಾರ್ಡರ್ ಕಟ್ಟಿ ತಿಂಗಳುಗಟ್ಟಲೆ ಕಾಡನ್ನು ಆಲಿಸಬಹುದು. ಕಣ್ಣಿಗೆ ಬೀಳದ ಹಕ್ಕಿಯನ್ನು ಕಿವಿಯಿಂದ ಎಣಿಸುವುದು ಈಗ ಕಷ್ಟದ ಕೆಲಸವಲ್ಲ.

ಕಷ್ಟವಿರುವುದು ಈ ಕೆಲಸಕ್ಕೆ ಕಾಲು ಬೇಕೆಂಬಲ್ಲಿ. ಉರುಳು ಕೀಳುವುದಕ್ಕೆ ಯಂತ್ರವಿಲ್ಲ. ಮನುಷ್ಯ ನಡೆಯಬೇಕು, ಬಗ್ಗಿ ಎಲೆ ಸರಿಸಬೇಕು. ಎಲ್ಲಿ ಸರಿಸಬೇಕೆಂದು ಬಲ್ಲವರು ಉರುಳು ಒಡ್ಡಿದವರೇ. ಸುಮಾತ್ರದಲ್ಲಿ ಈ ಹಕ್ಕಿಯ ದನಿಯನ್ನು ವಿಜ್ಞಾನಕ್ಕೆ ಕೊಟ್ಟವನು ಒಬ್ಬ ಬಲೆಗಾರ ಎಂಬುದನ್ನು ಯೋಜನೆ ಬರೆಯುವವರು ಮರೆಯಬಾರದು. ಅಂಥವರನ್ನು ಗಸ್ತು ತಂಡಕ್ಕೆ ತೆಗೆದುಕೊಳ್ಳುವ ಪದ್ಧತಿ ಹಲವು ದೇಶಗಳಲ್ಲಿದೆ, ಆದರೆ ಸಂಬಳ ಬಹುತೇಕ ಎರಡು ಮೂರು ವರ್ಷದ ಪ್ರಾಜೆಕ್ಟಿನ ದುಡ್ಡಿನಿಂದ ಬರುತ್ತದೆ. ದುಡ್ಡು ಮುಗಿದ ತಿಂಗಳು ಅವರು ಮನೆಗೆ ಹೋಗುತ್ತಾರೆ. ಕಾಡಿನ ಒಳಹೊರಗು ಈಗ ಅವರಿಗೆ ಮೊದಲಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ನೈಲಾನ್ ದಾರ ಅಂಗಡಿಯಲ್ಲಿ ಅದೇ ಬೆಲೆಗೆ ಸಿಗುತ್ತಿರುತ್ತದೆ. ನಮ್ಮಲ್ಲೂ ಕಾಡಿನೊಳಗೆ ನಿಜವಾಗಿ ನಡೆಯುವ ವಾಚರುಗಳು ಹೆಚ್ಚಾಗಿ ದಿನಗೂಲಿಯವರು, ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವವರು. ಉಪಗ್ರಹದ ಚಿತ್ರಕ್ಕೆ ಸರ್ಕಾರ ಹಣ ಇಡುತ್ತದೆ. ಕಾಡಿನ ನೆಲದ ಮೇಲೆ ನಡೆಯುವವನ ಕೂಲಿಯನ್ನೂ ಅದೇ ಸಾಲಿನಲ್ಲಿ, ಅಷ್ಟೇ ಖಾಯಂ ಆಗಿ ಬಜೆಟ್ಟಿನಲ್ಲಿ ಬರೆಯಬೇಕು. ಜಕಾರ್ತಾದಲ್ಲಿ ಮೊದಲು, ಬೆಂಗಳೂರಿನಲ್ಲೂ ತಪ್ಪದೆ.